ಮೊದಲ ವಿದೇಶ: ನೇಪಾಳವೋ, ಭೂತಾನವೋ?

ಪಶ್ಚಿಮ ಬಂಗಾಳದ ಸಿಲಿಗುರಿಯಿಂದ ಪಶ್ಚಿಮಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಪಾನಿಟಂಕಿ ಎಂಬ ಊರು ಸಿಗುತ್ತದೆ. ಅಲ್ಲಿ ಮೇಚಿ ನದಿಯ ಸೇತುವೆ ದಾಟಿದರೆ ಕಾಕರ್‌ಭಿಟ್ಟ, ಅಂದರೆ ನೇಪಾಳ. ಅದೇ ಸಿಲಿಗುರಿಯಿಂದ ಪೂರ್ವಕ್ಕೆ, ಚಹಾ ತೋಟಗಳ ನಡುವೆ ಸುಮಾರು ನೂರೈವತ್ತು ಕಿಲೋಮೀಟರ್ ಸಾಗಿದರೆ ಜೈಗಾಂವ್. ಅಲ್ಲಿಯ ಪೇಟೆ ಬೀದಿಗೆ ಹೊಂದಿಕೊಂಡೇ ಬಣ್ಣದ ಚಿತ್ತಾರದ ಒಂದು ಕಮಾನು ನಿಂತಿದೆ. ಕಮಾನಿನ ಆಚೆ ಫುಂಟ್‌ಶೋಲಿಂಗ್, ಅಂದರೆ ಭೂತಾನ.

ಪಾಸ್‌ಪೋರ್ಟ್ ಇಲ್ಲದಿದ್ದರೂ ಮತದಾರರ ಗುರುತಿನ ಚೀಟಿ ಹಿಡಿದು ಭಾರತೀಯರು ಹೋಗಿಬರಬಹುದಾದ ದೇಶಗಳು ಇವೆರಡೇ. ಹಾಗಾಗಿ ಮಧ್ಯಮ ವರ್ಗದ ಮನೆಗಳಲ್ಲಿ ‘ಒಮ್ಮೆಯಾದರೂ ಫಾರಿನ್ ನೋಡಬೇಕು’ ಎಂಬ ಮಾತು ಎದ್ದಾಗ ಚರ್ಚೆ ಬಹುಬೇಗ ಈ ಎರಡು ಹೆಸರುಗಳಿಗೆ ಬಂದು ನಿಲ್ಲುತ್ತದೆ. ಹಿರಿಯರಿಗೆ ಪಶುಪತಿನಾಥನ ದರ್ಶನವಾಗಬೇಕು. ಕಿರಿಯರಿಗೆ ಕಡಿದಾದ ಬಂಡೆಗೆ ಅಂಟಿಕೊಂಡಂತಿರುವ ತಕ್‌ಸಾಂಗ್ ವಿಹಾರದ ಎದುರು ಫೋಟೊ ತೆಗೆಸಿಕೊಳ್ಳಬೇಕು. ಮನೆಯ ಯಜಮಾನರು ಮಾತ್ರ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಲೆಕ್ಕ ಹಾಕುತ್ತ ಕುಳಿತಿರುತ್ತಾರೆ.

ಪ್ರವಾಸ ಏರ್ಪಡಿಸುವವರು ಸಾಮಾನ್ಯವಾಗಿ ಕೊಡುವ ಸಲಹೆ ಒಂದೇ: ಕಡಿಮೆ ಖರ್ಚಿಗೆ ನೇಪಾಳ, ನೆಮ್ಮದಿಗೆ ಭೂತಾನ. ಈ ಮಾತು ಸುಳ್ಳಲ್ಲ. ಕಾಕರ್‌ಭಿಟ್ಟದ ಸೇತುವೆಯ ಮೇಲೆ ಸೈಕಲ್ ರಿಕ್ಷಾ, ಹಾಲಿನ ಕ್ಯಾನು, ಶಾಲಾ ಮಕ್ಕಳು ಎಲ್ಲವೂ ಹೆಚ್ಚೇನೂ ತಡೆಯಿಲ್ಲದೆ ಅತ್ತಿಂದಿತ್ತ ಸಾಗುತ್ತವೆ. ಫುಂಟ್‌ಶೋಲಿಂಗ್‌ನಲ್ಲಿ ಪ್ರವಾಸಿ ಕಚೇರಿಗೆ ಹೋಗಿ ಪ್ರವೇಶ ಪರವಾನಗಿ ಪಡೆಯಬೇಕು. ಅಲ್ಲಿ ಉಳಿಯುವ ಪ್ರತಿ ರಾತ್ರಿಗೆ ತಲೆಗೆ 1,200 ರೂಪಾಯಿ ಶುಲ್ಕವನ್ನೂ ಕಟ್ಟಬೇಕು. ಎರಡೂ ಹಿಮಾಲಯದ ಮಡಿಲಿನ ದೇಶಗಳು. ಎರಡಕ್ಕೂ ಉತ್ತರದಲ್ಲಿ ಟಿಬೆಟ್, ದಕ್ಷಿಣದಲ್ಲಿ ಭಾರತ. ಹೀಗಿದ್ದೂ ಒಂದರ ಬಾಗಿಲು ಅಷ್ಟು ಅಗಲ, ಇನ್ನೊಂದರದು ಇಷ್ಟು ಕಿರಿದು ಆದದ್ದು ಹೇಗೆ? ಉತ್ತರಕ್ಕೆ ಇನ್ನೂರು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಬಂಡೆಗಳ ನಡುವಿನ ಗೆಣಸು

ಇಂದು ಅಗಲವಾಗಿ ತೆರೆದುಕೊಂಡಿರುವ ನೇಪಾಳ ಒಂದು ಕಾಲಕ್ಕೆ ಜಗತ್ತಿನ ಅತ್ಯಂತ ಮುಚ್ಚಿದ ದೇಶಗಳಲ್ಲಿ ಒಂದಾಗಿತ್ತು. ಗೋರ್ಖಾದ ಅರಸ ಪೃಥ್ವಿನಾರಾಯಣ ಶಾ 1768-69ರಲ್ಲಿ ಕಠ್ಮಂಡು ಕಣಿವೆಯ ಮೂರು ಮಲ್ಲ ರಾಜ್ಯಗಳನ್ನು ಗೆದ್ದ. ಕಣಿವೆಯಲ್ಲಿ ನೆಲೆಸಿದ್ದ ಕ್ಯಾಪುಚಿನ್ ಪಾದ್ರಿಗಳು ಜಾಗ ಖಾಲಿ ಮಾಡಬೇಕಾಯಿತು. ತನ್ನ ರಾಜ್ಯವನ್ನು ಆತ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡ ಗೆಣಸಿಗೆ ಹೋಲಿಸಿದ್ದ. ಉತ್ತರದ ಬಂಡೆ ಚೀನಾದ ಚಕ್ರವರ್ತಿಯಾದರೆ ದಕ್ಷಿಣದ್ದು ಬಂಗಾಳವನ್ನು ಆಗಷ್ಟೇ ನುಂಗಿದ್ದ ಈಸ್ಟ್ ಇಂಡಿಯಾ ಕಂಪೆನಿ. ಹೋಲಿಕೆ ಎಷ್ಟು ಸರಿಯಾಗಿತ್ತೆಂದರೆ ಎರಡೂವರೆ ಶತಮಾನ ಕಳೆದರೂ ನೇಪಾಳದ ರಾಜಕಾರಣಿಗಳ ಭಾಷಣಗಳಲ್ಲಿ ಆ ಗೆಣಸು ಇನ್ನೂ ಬೇಯುತ್ತಲೇ ಇದೆ.

1814ರಿಂದ 1816ರವರೆಗೆ ನಡೆದ ಯುದ್ಧದಲ್ಲಿ ನೇಪಾಳ ಕಂಪೆನಿಗೆ ಸೋತಿತು. ಸುಗೌಲಿ ಒಪ್ಪಂದದ ಪ್ರಕಾರ ಕುಮಾವ್ ಮತ್ತು ಗಢವಾಲ ಪ್ರದೇಶಗಳು ಕೈಬಿಟ್ಟವು. ಕಠ್ಮಂಡುವಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಒಬ್ಬನನ್ನು ಇಟ್ಟುಕೊಳ್ಳಲು ನೇಪಾಳ ಒಪ್ಪಬೇಕಾಯಿತು. ಆದರೆ ಸೋತ ಅರಸೊತ್ತಿಗೆ ಒಂದು ವಿಷಯದಲ್ಲಿ ಪಟ್ಟು ಬಿಡಲಿಲ್ಲ. ರೆಸಿಡೆಂಟ್ ಕಣಿವೆಯೊಳಗೆ ಇರಬಹುದು, ಕಣಿವೆ ದಾಟಿ ದೇಶ ಸುತ್ತುವಂತಿಲ್ಲ. ಹಲವು ವರ್ಷ ಕಠ್ಮಂಡುವಿನಲ್ಲಿದ್ದ ಬ್ರಯಾನ್ ಹಾಡ್ಗ್‌ಸನ್ ಹಿಮಾಲಯದ ಪಕ್ಷಿ, ಪ್ರಾಣಿ, ಬೌದ್ಧ ಗ್ರಂಥಗಳ ಬಗ್ಗೆ ಬರೆದದ್ದೆಲ್ಲ ಬಹುಮಟ್ಟಿಗೆ ಸ್ಥಳೀಯ ಬೇಟೆಗಾರರು, ಪಂಡಿತರು ತಂದುಕೊಟ್ಟದ್ದನ್ನು ನಂಬಿ.

1846ರಲ್ಲಿ ಅರಮನೆಯ ಕೋಟ್ ಅಂಗಳದಲ್ಲಿ ನಡೆದ ಹತ್ಯಾಕಾಂಡದ ನಂತರ ಅಧಿಕಾರ ಹಿಡಿದ ಜಂಗ್ ಬಹಾದೂರ್ ರಾಣಾ 1850ರಲ್ಲಿ ಹಡಗು ಹತ್ತಿ ಲಂಡನ್, ಪ್ಯಾರಿಸ್‌ಗಳಿಗೆ ಹೋಗಿಬಂದ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲವದು. ಇಷ್ಟು ದೂರದ ಪ್ರವಾಸ ಮಾಡಿಬಂದವನು ತನ್ನ ದೇಶಕ್ಕೆ ಬರುವ ಪ್ರವಾಸಿಗಳಿಗೆ ಮಾತ್ರ ಬಾಗಿಲು ತೆಗೆಯಲಿಲ್ಲ. ಬ್ರಿಟಿಷರ ಶಕ್ತಿ ಎಷ್ಟೆಂಬುದನ್ನು ಕಣ್ಣಾರೆ ಕಂಡಿದ್ದೇ ಅದಕ್ಕೆ ಕಾರಣವಿರಬಹುದು. ಅವನ ವಂಶದ ರಾಣಾಗಳು 1951ರವರೆಗೆ ಪ್ರಧಾನಿ ಪಟ್ಟವನ್ನು ಪಿತ್ರಾರ್ಜಿತ ಆಸ್ತಿಯಂತೆ ಅನುಭವಿಸಿದರು. 1881ರಿಂದ 1925ರವರೆಗಿನ ನಲವತ್ತನಾಲ್ಕು ವರ್ಷಗಳಲ್ಲಿ ನೇಪಾಳವನ್ನು ಕಂಡ ಯೂರೋಪಿಯನ್ನರು ಒಂದೂವರೆ ನೂರರಷ್ಟು ಮಾತ್ರ.

ಶಿವರಾತ್ರಿ ಮಾತ್ರ ಇದಕ್ಕೆ ಅಪವಾದವಾಗಿತ್ತು. ಉಳಿದ ದಿನಗಳಲ್ಲಿ ಬಯಲುನಾಡಿನವರು ಕಠ್ಮಂಡು ಕಣಿವೆಗೆ ಹೋಗಲು ರಹದಾರಿ ಬೇಕಿತ್ತು (ನೇಪಾಳಿಯಲ್ಲಿ ಪಾಸ್‌ಪೋರ್ಟಿಗೆ ಇಂದಿಗೂ ‘ರಾಹದಾನಿ’ ಎನ್ನುತ್ತಾರೆ, ಕನ್ನಡದ ರಹದಾರಿಗೆ ಅದು ಬಹು ಹತ್ತಿರದ ನೆಂಟ). ಶಿವರಾತ್ರಿ ಬಂತೆಂದರೆ ಆ ಕಟ್ಟುಪಾಡು ಸಡಿಲವಾಗುತ್ತಿತ್ತು. ಸಾಧುಗಳು, ಸಂಸಾರಿಗಳು, ಮುದುಕರು, ಮಕ್ಕಳನ್ನೆತ್ತಿಕೊಂಡ ಹೆಂಗಸರು ರಕ್ಸೌಲ್‌ನಿಂದ ತೆರಾಯಿಯ ಮಲೇರಿಯಾ ಕಾಡು ದಾಟಿ, ಭೀಮಫೇದಿಯಿಂದ ಬೆಟ್ಟ ಹತ್ತಿ, ಚಂದ್ರಾಗಿರಿಯ ಕಣಿವೆ ದಾರಿಯಲ್ಲಿ ಇಳಿದು ಪಶುಪತಿಯ ಬಳಿ ಸೇರುತ್ತಿದ್ದರು. ಅದೇ ದಾರಿಯಲ್ಲಿ ರಾಣಾಗಳ ಮೋಟಾರು ಕಾರುಗಳನ್ನು ಹಮಾಲರು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಕಣಿವೆಯೊಳಗೆ ಕಾರು ಓಡಿಸಲು ರಸ್ತೆಯಿತ್ತು, ಕಾರನ್ನು ಕಣಿವೆಗೆ ತರಲು ರಸ್ತೆಯಿರಲಿಲ್ಲ.

ಕರ್ನಾಟ ಅರಸರು, ಕರಾವಳಿಯ ಭಟ್ಟರು

ಕನ್ನಡ ನಾಡಿನಿಂದ ಹೋಗುವವರಿಗೆ ನೇಪಾಳ ಪೂರ್ತಿ ಪರದೇಶ ಅಲ್ಲವೆಂದು ಹೇಳಲು ಎರಡು ಕಾರಣಗಳಿವೆ. ಮೊದಲನೆಯದು ಹೆಚ್ಚು ಜನರಿಗೆ ತಿಳಿದಿಲ್ಲ. 1097ರಲ್ಲಿ ನಾನ್ಯದೇವ ಎಂಬವನು ಮಿಥಿಲೆಯಲ್ಲಿ ಒಂದು ರಾಜ್ಯ ಸ್ಥಾಪಿಸಿದ. ಆ ವಂಶದ ಅರಸರು ತಮ್ಮನ್ನು ‘ಕರ್ನಾಟ’ ಕುಲದವರೆಂದು ಕರೆದುಕೊಂಡರು. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಸೇನೆಗಳು ಉತ್ತರಕ್ಕೆ ದಂಡೆತ್ತಿ ಹೋದಾಗ ಅಲ್ಲೇ ಉಳಿದ ದಂಡನಾಯಕರ ಪೀಳಿಗೆ ಇದು ಎಂಬುದು ಇತಿಹಾಸಕಾರರ ಊಹೆ. ಅವರ ರಾಜಧಾನಿ ಸಿಮ್ರೌನ್‌ಗಢ. ಅದರ ಅವಶೇಷಗಳು ಇಂದು ನೇಪಾಳದ ಬಾರಾ ಜಿಲ್ಲೆಯಲ್ಲಿ, ಭಾರತದ ಗಡಿಗೆ ತಾಗಿದಂತೆ ಇವೆ.

ಸುಮಾರು 1324ರಲ್ಲಿ ಘಿಯಾಸುದ್ದೀನ್ ತುಘಲಕ್ ಬಂಗಾಳದಿಂದ ಹಿಂದಿರುಗುತ್ತ ಸಿಮ್ರೌನ್‌ಗಢದ ಮೇಲೆ ಎರಗಿದಾಗ ಕೊನೆಯ ಅರಸ ಹರಿಸಿಂಹದೇವ ಬೆಟ್ಟಗಳತ್ತ ಓಡಿದ. ಅವನ ಪರಿವಾರಕ್ಕೆ ಭಕ್ತಪುರದಲ್ಲಿ ಆಶ್ರಯ ಸಿಕ್ಕಿತು. ಅವನ ರಾಣಿ ದೇವಲದೇವಿ ಅಲ್ಲಿನ ರಾಜಕಾರಣದಲ್ಲಿ ಪ್ರಭಾವಿಯಾದಳು. ಮುಂದೆ ಮಲ್ಲ ಅರಸರು ಈ ವಂಶದ ನಂಟನ್ನು ಹೆಮ್ಮೆಯಿಂದ ಹೇಳಿಕೊಂಡರು. ಕಠ್ಮಂಡು, ಪಾಟನ್, ಭಕ್ತಪುರಗಳ ಅರಮನೆಗಳಲ್ಲಿ ಪೂಜೆಗೊಳ್ಳುವ ತಲೇಜು ದೇವಿ ಸಿಮ್ರೌನ್‌ಗಢದಿಂದ ಬಂದವಳು ಎಂಬುದು ಅಲ್ಲಿನ ಪ್ರತೀತಿ. ಆ ಅರಮನೆ ಚೌಕಗಳಲ್ಲಿ ಅಲೆದಾಡುವ ಕನ್ನಡಿಗರಿಗೆ ಮಾರ್ಗದರ್ಶಿಗಳು ಈ ಕಥೆ ಹೇಳುವುದು ಅಪರೂಪ. ಕೇಳಿದರೆ ಹೇಳಿಯಾರು.

ಎರಡನೆಯ ಕಾರಣ ಪಶುಪತಿನಾಥನ ಗರ್ಭಗುಡಿಯಲ್ಲೇ ಕಾಣುತ್ತದೆ. ಹಲವು ಶತಮಾನಗಳಿಂದ ಅಲ್ಲಿ ಪೂಜೆ ಮಾಡುತ್ತಿರುವವರು ದಕ್ಷಿಣ ಭಾರತದ ಭಟ್ಟರು, ಈಚಿನ ತಲೆಮಾರುಗಳಲ್ಲಿ ಹೆಚ್ಚಾಗಿ ಕರ್ನಾಟಕದ ಕರಾವಳಿಯವರು. ಈ ಸಂಪ್ರದಾಯವನ್ನು ಶಂಕರಾಚಾರ್ಯರು ಆರಂಭಿಸಿದರೆಂದು ನಂಬಲಾಗಿದೆ. 2008ರಲ್ಲಿ ಅರಸೊತ್ತಿಗೆ ಕೊನೆಗೊಂಡು ಮಾವೋವಾದಿಗಳ ನೇತೃತ್ವದ ಸರ್ಕಾರ ಬಂದಾಗ ಭಟ್ಟರ ಜಾಗಕ್ಕೆ ನೇಪಾಳದ ಅರ್ಚಕರನ್ನು ನೇಮಿಸುವ ಪ್ರಯತ್ನ ನಡೆಯಿತು. ಕಠ್ಮಂಡುವಿನ ಬೀದಿಗಳಲ್ಲೇ ಅದಕ್ಕೆ ಪ್ರತಿಭಟನೆ ಎದ್ದಿತು, ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು, ಸರ್ಕಾರ ಹಿಂದೆ ಸರಿಯಿತು. ಬಾಗ್ಮತಿಯ ದಡದಲ್ಲಿ ಇಂದೂ ಕನ್ನಡ ಮಾತು ಕಿವಿಗೆ ಬಿದ್ದರೆ ಅಚ್ಚರಿಪಡಬೇಕಾಗಿಲ್ಲ.

ಭೂತಾನದೊಡನೆ ಇಂಥ ಹಳೆಯ ನಂಟು ಕನ್ನಡಿಗರಿಗಿಲ್ಲ. ಆದರೆ ಬೈಲಕುಪ್ಪೆಯ ಸ್ವರ್ಣ ಮಂದಿರವನ್ನು ನೋಡಿದವರಿಗೆ ಪಾರೊ ಕಣಿವೆಯ ದೇವರು ಅಪರಿಚಿತನೇನಲ್ಲ. ಬೈಲಕುಪ್ಪೆಯಲ್ಲಿ ಬುದ್ಧನ ಪಕ್ಕ ಕುಳಿತಿರುವ ಪದ್ಮಸಂಭವನೇ ಭೂತಾನದ ಗುರು ರಿನ್‌ಪೋಚೆ. ಹುಲಿಯ ಬೆನ್ನೇರಿ ಆತ ಬಂದಿಳಿದ ಜಾಗವೇ ತಕ್‌ಸಾಂಗ್ ಎಂದು ಅಲ್ಲಿನವರ ನಂಬಿಕೆ. 1692ರಲ್ಲಿ ಕಟ್ಟಿದ ಆ ವಿಹಾರ 1998ರಲ್ಲಿ ಬೆಂಕಿಗೆ ಆಹುತಿಯಾಗಿ, ಈಗಿರುವುದು 2005ರ ಹೊತ್ತಿಗೆ ಮುಗಿದ ಪುನರ್ನಿರ್ಮಾಣ.

ಬಾಗಿಲು ತೆರೆದ ಬಗೆ

1950ರ ಜುಲೈ 31ರಂದು ಭಾರತ ಮತ್ತು ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿದವು. ಒಂದು ದೇಶದ ಪ್ರಜೆ ಇನ್ನೊಂದರಲ್ಲಿ ವಾಸಿಸಬಹುದು, ಆಸ್ತಿ ಮಾಡಬಹುದು, ವ್ಯಾಪಾರ ಮಾಡಬಹುದು, ಓಡಾಡಬಹುದು ಎಂಬುದು ಅದರ ಸಾರ. ಇಂದಿನ ತೆರೆದ ಗಡಿಗೆ ಇದೇ ಆಧಾರ. ವಿಚಿತ್ರವೆಂದರೆ ಈ ಒಪ್ಪಂದಕ್ಕೆ ನೇಪಾಳದ ಕಡೆಯಿಂದ ಸಹಿ ಹಾಕಿದ್ದು ಬಾಗಿಲು ಮುಚ್ಚಿಕೊಂಡೇ ನೂರು ವರ್ಷ ಆಳಿದ ರಾಣಾ ಮನೆತನ. ಅದೇ ನವೆಂಬರ್‌ನಲ್ಲಿ, ರಾಣಾಗಳ ಕೈಗೊಂಬೆಯಾಗಿದ್ದ ದೊರೆ ತ್ರಿಭುವನ ಭಾರತದ ರಾಯಭಾರ ಕಚೇರಿಯೊಳಗೆ ಹೋಗಿ ಆಶ್ರಯ ಪಡೆದು, ಅಲ್ಲಿಂದ ವಿಮಾನದಲ್ಲಿ ದೆಹಲಿಗೆ ಬಂದ. 1951ರ ಫೆಬ್ರವರಿಯಲ್ಲಿ ಆತ ಹಿಂದಿರುಗುವ ವೇಳೆಗೆ ರಾಣಾ ಆಳ್ವಿಕೆ ಮುಗಿದಿತ್ತು.

ಮುಂದಿನದೆಲ್ಲ ಬಹಳ ಅವಸರದಲ್ಲಿ ನಡೆಯಿತು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದರು. ಭಾರತದ ಸೇನಾ ಎಂಜಿನಿಯರುಗಳು ಕಟ್ಟಿದ ತ್ರಿಭುವನ ರಾಜಪಥ 1956ರಲ್ಲಿ ತೆರೆಯಿತು, ಹಮಾಲರ ಹೆಗಲಿನಿಂದ ಕಾರು ಇಳಿಯಿತು. 1955ರಲ್ಲಿ ಥಾಮಸ್ ಕುಕ್ ಕಂಪೆನಿಯ ಮೂಲಕ ಮೊದಲ ಪ್ರವಾಸಿ ತಂಡ ಬಂದಿಳಿಯಿತು. ಅವರಿಗೆ ಆತಿಥ್ಯ ನೀಡಿದವನು ಬೋರಿಸ್ ಲಿಸಾನೆವಿಚ್, ಹಿಂದೊಮ್ಮೆ ಬ್ಯಾಲೆ ನರ್ತಕನಾಗಿದ್ದ ರಷ್ಯನ್. ರಾಣಾ ಅರಮನೆಯೊಂದರಲ್ಲಿ ಆತ ರಾಯಲ್ ಹೋಟೆಲ್ ನಡೆಸುತ್ತಿದ್ದ. 1962ರಲ್ಲಿ ದಾಖಲಾದ ವಿದೇಶಿ ಪ್ರವಾಸಿಗಳು 6,179. 2019ರ ಹೊತ್ತಿಗೆ ಸಂಖ್ಯೆ 12 ಲಕ್ಷದ ಹತ್ತಿರ ಬಂತು. ರಸ್ತೆಯ ಮೂಲಕ ದಿನವೂ ದಾಟುವ ಭಾರತೀಯರ ಪೂರ್ತಿ ಲೆಕ್ಕ ಇದರಲ್ಲಿ ಸೇರಿಲ್ಲ.

ತೆರೆದ ಬಾಗಿಲಿನಲ್ಲಿ ಬರುವವರನ್ನು ಆರಿಸಿಕೊಳ್ಳಲು ಬರುವುದಿಲ್ಲ. ಅರವತ್ತರ ದಶಕದ ಕೊನೆಗೆ ಯೂರೋಪಿನಿಂದ ಬಸ್ಸು ಹಿಡಿದು ಬಂದ ಹಿಪ್ಪಿಗಳು ಕಠ್ಮಂಡುವಿನ ಝೋಛೆಂ ಬೀದಿಯನ್ನು ‘ಫ್ರೀಕ್ ಸ್ಟ್ರೀಟ್’ ಮಾಡಿದರು. ಗಾಂಜಾ ಅಲ್ಲಿ ಪರವಾನಗಿ ಪಡೆದ ಅಂಗಡಿಗಳಲ್ಲೇ ಸಿಗುತ್ತಿತ್ತು. 1971ರಲ್ಲಿ ದೇವ್ ಆನಂದ್ ಅದೇ ವಾತಾವರಣವನ್ನಿಟ್ಟುಕೊಂಡು ‘ಹರೇ ರಾಮ ಹರೇ ಕೃಷ್ಣ’ ಚಿತ್ರ ತೆಗೆದಾಗ ಲಕ್ಷಾಂತರ ಭಾರತೀಯರು ಕಠ್ಮಂಡುವನ್ನು ಮೊದಲ ಬಾರಿಗೆ ಕಂಡರು, ಅದೂ ಬಣ್ಣದಲ್ಲಿ. 1973ರಲ್ಲಿ ಸರ್ಕಾರ ಗಾಂಜಾ ಪರವಾನಗಿಗಳನ್ನು ರದ್ದು ಮಾಡಿತು. ಹಿಪ್ಪಿಗಳು ಕರಗಿದ ಮೇಲೆ ಭಾರತದ ಮಧುಚಂದ್ರದ ಜೋಡಿಗಳು, ವಿದೇಶಿ ಕ್ಯಾಮೆರಾ, ಟೇಪ್‌ರೆಕಾರ್ಡರ್, ಸೀರೆ ಬಟ್ಟೆ ಅರಸುವವರು ಬಂದರು. ಆಮದಿನ ಮೇಲೆ ಭಾರತದಲ್ಲಿ ಬಿಗಿ ಇದ್ದ ಆ ಕಾಲದಲ್ಲಿ ನೇಪಾಳಕ್ಕೆ ಹೋಗಿಬಂದವರ ಮನೆಯಲ್ಲಿ ಒಂದು ‘ಫಾರಿನ್’ ವಸ್ತು ಇರಲೇಬೇಕಿತ್ತು.

ಅದೇ ಬಾಗಿಲು ನೇಪಾಳಕ್ಕೆ ನೋವನ್ನೂ ತಂದಿದೆ. 1989ರಲ್ಲಿ ಭಾರತದೊಡನೆ ವ್ಯಾಪಾರ ಒಪ್ಪಂದ ಮುರಿದು ಬಹುತೇಕ ಗಡಿ ಮಾರ್ಗಗಳು ಮುಚ್ಚಿದಾಗ ಮತ್ತು 2015ರ ಭೂಕಂಪದಲ್ಲಿ ಸುಮಾರು 9,000 ಮಂದಿ ಸತ್ತ ಕೆಲವೇ ತಿಂಗಳಿಗೆ ಸರಕು ಸಾಗಣೆ ಮತ್ತೆ ನಿಂತಾಗ ಕಠ್ಮಂಡುವಿನ ಮನೆಗಳಲ್ಲಿ ಅಡುಗೆ ಅನಿಲವಿಲ್ಲದೆ ಸೌದೆ ಒಲೆ ಹೊತ್ತಿಸಬೇಕಾಯಿತು. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನದ ಅಪಹರಣದ ಬಳಿಕ ವಿಮಾನದಲ್ಲಿ ಹೋಗುವವರಿಗೆ ಗುರುತಿನ ದಾಖಲೆ ಕಡ್ಡಾಯವಾಯಿತು. ರಸ್ತೆ ಗಡಿ ಮಾತ್ರ ತೆರೆದೇ ಉಳಿಯಿತು.

ಕಳೆದುಹೋದ ದ್ವಾರಗಳು

ಫುಂಟ್‌ಶೋಲಿಂಗ್‌ಗೆ ಹೋಗುವ ದಾರಿಯಲ್ಲಿ ಕಾಣುವ ಚಹಾ ತೋಟಗಳ ನಾಡಿಗೆ ‘ದುವಾರ್’ ಎನ್ನುತ್ತಾರೆ. ಇದು ನಮ್ಮ ‘ದ್ವಾರ’ವೇ. ಬೆಟ್ಟದಿಂದ ಬಯಲಿಗೆ ಇಳಿಯುವ ಇಂಥ ಹದಿನೆಂಟು ದ್ವಾರಗಳು ಒಂದು ಕಾಲಕ್ಕೆ ಭೂತಾನದ ಹಿಡಿತದಲ್ಲಿದ್ದವು. ಅಸ್ಸಾಂ ಕಡೆಯ ಏಳನ್ನು ಕಂಪೆನಿ 1841ರಲ್ಲಿ ವಶಪಡಿಸಿಕೊಂಡಿತು. ಉಳಿದವುಗಳ ಬಗ್ಗೆ ಮಾತಾಡಲು 1864ರಲ್ಲಿ ಪುನಾಖಾಕ್ಕೆ ಬಂದ ಬ್ರಿಟಿಷ್ ದೂತ ಆಶ್ಲಿ ಈಡನ್‌ನ ಮುಖಕ್ಕೆ ದರ್ಬಾರಿನಲ್ಲಿ ಹಿಟ್ಟು ಮೆತ್ತಿ ಅವಮಾನ ಮಾಡಲಾಯಿತು. ದ್ವಾರಗಳನ್ನು ಹಿಂದಿರುಗಿಸುವ ಪತ್ರಕ್ಕೆ ಬಲವಂತದಿಂದ ಸಹಿ ಹಾಕಿಸಿಕೊಳ್ಳಲಾಯಿತು. ‘ಒತ್ತಾಯಕ್ಕೆ’ ಎಂದು ಬರೆದೇ ಆತ ಸಹಿ ಹಾಕಿದ.

ಹಿಟ್ಟಿನ ಬೆಲೆ ದುಬಾರಿಯಾಯಿತು. ಯುದ್ಧ ನಡೆದು, 1865ರ ನವೆಂಬರ್‌ನ ಸಿಂಚುಲಾ ಒಪ್ಪಂದದಲ್ಲಿ ಭೂತಾನ ಎಲ್ಲ ದ್ವಾರಗಳನ್ನೂ ಕಳೆದುಕೊಂಡಿತು. ಪ್ರತಿಯಾಗಿ ವರ್ಷಕ್ಕೆ 50 ಸಾವಿರ ರೂಪಾಯಿ ಕಾಣಿಕೆ ಸಿಕ್ಕಿತು. ಮುಂದಿನ ದಶಕಗಳಲ್ಲಿ ಆ ನೆಲದಲ್ಲಿ ಬ್ರಿಟಿಷ್ ಕಂಪೆನಿಗಳ ಚಹಾ ಬೆಳೆಯಿತು. ಪ್ರವಾಸಿ ಇಂದು ಬಸ್ಸಿನ ಕಿಟಕಿಯಿಂದ ನೋಡಿ ಮೆಚ್ಚುವ ಹಸಿರು ಭೂತಾನದ ಕಣ್ಣಲ್ಲಿ ಕಳೆದುಹೋದ ನೆಲ. ಬಯಲಿನ ಕಡೆಯಿಂದ ಬರುವವರ ಬಗ್ಗೆ ಭೂತಾನಕ್ಕೆ ಎಚ್ಚರಿಕೆ ಹುಟ್ಟಿದ್ದು ಅಲ್ಲಿಂದ.

1907ರಲ್ಲಿ ಉಗ್ಯೇನ್ ವಾಂಗ್‌ಚುಕ್ ಮೊದಲ ಅರಸನಾದ. 1949ರ ಆಗಸ್ಟ್ 8ರಂದು ಸ್ವತಂತ್ರ ಭಾರತದೊಡನೆ ಆದ ಒಪ್ಪಂದದಲ್ಲಿ ವಾರ್ಷಿಕ ಕಾಣಿಕೆ 5 ಲಕ್ಷ ರೂಪಾಯಿಗೆ ಏರಿತು, ದೇವನ್‌ಗಿರಿ ಎಂಬ ಸಣ್ಣ ಪ್ರದೇಶ ಭೂತಾನಕ್ಕೆ ಮರಳಿತು. ಪ್ರತಿಯಾಗಿ ವಿದೇಶಾಂಗ ವ್ಯವಹಾರದಲ್ಲಿ ಭಾರತದ ಸಲಹೆಯಂತೆ ನಡೆಯಲು ಭೂತಾನ ಒಪ್ಪಿತು. 2007ರಲ್ಲಿ ಈ ಕರಾರನ್ನು ಬದಲಿಸಲಾಯಿತು.

ಆ ದಿನಗಳ ಭೂತಾನ ಎಷ್ಟು ದೂರವಿತ್ತು ಎಂಬುದಕ್ಕೆ 1958ರ ನೆಹರೂ ಪ್ರವಾಸಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಭಾರತದಿಂದ ಭೂತಾನದ ಕಣಿವೆಗಳಿಗೆ ವಾಹನ ಹೋಗುವ ರಸ್ತೆಯೇ ಇರಲಿಲ್ಲ. ಸುಮಾರು ಅರವತ್ತೊಂಬತ್ತರ ಆ ಪ್ರಧಾನಿ ಮಗಳು ಇಂದಿರಾರೊಡನೆ ಗ್ಯಾಂಗ್‌ಟಕ್‌ನಿಂದ ಹೊರಟು, ನಾಥು ಲಾ ಕಣಿವೆ ದಾರಿಯಲ್ಲಿ ಟಿಬೆಟ್‌ನ ಚುಂಬಿ ಕಣಿವೆಗೆ ಇಳಿದು, ಕುದುರೆ ಮತ್ತು ಯಾಕ್‌ಗಳ ಬೆನ್ನೇರಿ ಕೆಲವು ದಿನಗಳ ಪ್ರಯಾಣದ ಬಳಿಕ ಪಾರೊ ತಲುಪಿದರು. ಭೂತಾನ ಸ್ವತಂತ್ರವಾಗಿ ತನ್ನ ದಾರಿ ತಾನೇ ಆರಿಸಿಕೊಳ್ಳಬೇಕೆಂಬುದೇ ಭಾರತದ ಬಯಕೆ ಎಂದು ಅವರು ಅಲ್ಲಿ ಭರವಸೆ ನೀಡಿದರು. ಮರುವರ್ಷವೇ ಟಿಬೆಟ್‌ನಲ್ಲಿ ದಂಗೆ, ದಲಾಯಿ ಲಾಮಾ ಪಲಾಯನ. ಉತ್ತರದ ಬಾಗಿಲನ್ನು ಭೂತಾನ ತಾನೇ ಮುಚ್ಚಿತು. ದಕ್ಷಿಣದ ಕಡೆಗೆ ರಸ್ತೆ ಬೇಕಾಯಿತು. 1961ರಲ್ಲಿ ಭಾರತದ ಗಡಿ ರಸ್ತೆ ಸಂಸ್ಥೆಯ ‘ದಂತಕ್’ ಯೋಜನೆ ಶುರುವಾಗಿ, ಮರುವರ್ಷ ಫುಂಟ್‌ಶೋಲಿಂಗ್‌ನಿಂದ ಥಿಂಪುವಿಗೆ ಜೀಪು ಓಡಿತು.

ಆದರೂ ಪ್ರವಾಸಿಗಳನ್ನು ಕರೆಯುವ ಆತುರ ಭೂತಾನಕ್ಕಿರಲಿಲ್ಲ. 1974ರ ಜೂನ್‌ನಲ್ಲಿ ಹದಿನೆಂಟರ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಪಟ್ಟಕ್ಕೇರಿದಾಗ ವಿದೇಶಿ ಅತಿಥಿಗಳಿಗಾಗಿ ವಸತಿಗೃಹಗಳನ್ನು ಕಟ್ಟಲಾಯಿತು. ಸಮಾರಂಭ ಮುಗಿದ ಮೇಲೆ ಅವು ಪ್ರವಾಸಿಗಳಿಗೆ ಒದಗಿದವು. ಆ ವರ್ಷ ಬಂದವರು 287 ಮಂದಿ. ಹಿಪ್ಪಿಗಳಿಂದ ಕಠ್ಮಂಡು ಪಟ್ಟ ಪಾಡನ್ನು ಥಿಂಪುವಿನ ಅಧಿಕಾರಿಗಳು ಹತ್ತಿರದಿಂದ ಕಂಡಿದ್ದರು. ಹಾಗಾಗಿ ಅವರು ಆರಂಭದಿಂದಲೇ ದಿನಕ್ಕಿಷ್ಟು ಡಾಲರ್ ಎಂದು ದರ ಕಟ್ಟಿದರು. ಕಡಿಮೆ ಜನ, ಹೆಚ್ಚು ಹಣ ಎಂಬುದು ಸೂತ್ರ. ಭಾರತೀಯರಿಗೆ ಇದರಿಂದ ವಿನಾಯಿತಿ ಇತ್ತು. 1983ರಲ್ಲಿ ಪಾರೊದಿಂದ ಕಲ್ಕತ್ತಕ್ಕೆ ವಿಮಾನ ಹಾರಿತು, ಟೆಲಿವಿಷನ್ ಬಂದದ್ದು 1999ರಲ್ಲಿ.

ಭಾರತೀಯರಿಗಿದ್ದ ವಿನಾಯಿತಿ ಕೊನೆಗೆ ಸೂತ್ರವನ್ನೇ ಅಲುಗಾಡಿಸಿತು. 2019ರಲ್ಲಿ ಏಳೂಕಾಲು ಲಕ್ಷ ಜನಸಂಖ್ಯೆಯ ದೇಶಕ್ಕೆ ಸುಮಾರು 3 ಲಕ್ಷ 15 ಸಾವಿರ ಪ್ರವಾಸಿಗಳು ಬಂದರು. ಅವರಲ್ಲಿ ಭಾರತೀಯರೇ ಸುಮಾರು 2 ಲಕ್ಷ 30 ಸಾವಿರ. ಅದೇ ವರ್ಷ ಭಾರತದ ಪ್ರವಾಸಿಯೊಬ್ಬ ದೋಚುಲಾ ಕಣಿವೆಯ ಚೋರ್ತೆನ್ ಸ್ತೂಪವೊಂದನ್ನು ಹತ್ತಿ ನಿಂತ ಚಿತ್ರ ಹರಿದಾಡಿ ಭೂತಾನದಲ್ಲಿ ಕೋಪ ಹುಟ್ಟಿಸಿತು. 2003ರಲ್ಲಿ ಅಸ್ಸಾಂ ಉಗ್ರಗಾಮಿಗಳನ್ನು ತಮ್ಮ ಕಾಡುಗಳಿಂದ ಹೊರಗಟ್ಟುವಾಗ ಮಡಿದ ಭೂತಾನಿ ಸೈನಿಕರ ನೆನಪಿಗೆ ಕಟ್ಟಿದ 108 ಚೋರ್ತೆನ್‌ಗಳು ಅವು. ಭಾರತದ ಕೋರಿಕೆಗೆ ಓಗೊಟ್ಟು ನಡೆಸಿದ ಕಾರ್ಯಾಚರಣೆ ಅದು ಎಂಬುದು ಹತ್ತಿದವನಿಗೆ ಗೊತ್ತಿರಲಾರದು. 2020ರಲ್ಲಿ ಭಾರತೀಯರಿಗೂ ರಾತ್ರಿಗೆ 1,200 ರೂಪಾಯಿ ಶುಲ್ಕದ ಕಾನೂನು ಬಂತು. ಕೋವಿಡ್‌ನಿಂದ ಮುಚ್ಚಿದ್ದ ಗಡಿ 2022ರ ಸೆಪ್ಟೆಂಬರ್‌ನಲ್ಲಿ ತೆರೆದಾಗ ಇತರ ದೇಶದವರಿಗೆ ರಾತ್ರಿಗೆ 200 ಡಾಲರ್ ನಿಗದಿಯಾಗಿತ್ತು. ಜನ ಬಾರದಿದ್ದಾಗ ಮರುವರ್ಷ ಅದನ್ನು 100ಕ್ಕೆ ಇಳಿಸಲಾಯಿತು.

ನೆಮ್ಮದಿಯ ಇನ್ನೊಂದು ಮುಖ

ನೇಪಾಳ ಮತ್ತು ಭೂತಾನ ನೆರೆಯ ದೇಶಗಳೆಂದು ಹೇಳಿದರೂ ಅವುಗಳ ಗಡಿ ಎಲ್ಲಿಯೂ ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಸಿಕ್ಕಿಂ ಮತ್ತು ಡಾರ್ಜಿಲಿಂಗ್ ಬೆಟ್ಟಗಳಿವೆ. ಸಿಕ್ಕಿಂ ಕೂಡ ಒಂದು ಬೌದ್ಧ ಅರಸೊತ್ತಿಗೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿಗೆ ಬಂದು ನೆಲೆಸಿದ ನೇಪಾಳಿ ಭಾಷಿಕರು ಕ್ರಮೇಣ ಬಹುಸಂಖ್ಯಾತರಾದರು. 1973ರಲ್ಲಿ ಅರಸನ ವಿರುದ್ಧ ಚಳವಳಿ ನಡೆಯಿತು. 1975ರ ಮೇ ತಿಂಗಳಲ್ಲಿ ಸಿಕ್ಕಿಂ ಭಾರತದ 22ನೆಯ ರಾಜ್ಯವಾಯಿತು. ಪಕ್ಕದಲ್ಲೇ ನಡೆದ ಇದನ್ನು ಥಿಂಪು ಮರೆಯಲಿಲ್ಲ.

ಭೂತಾನದ ದಕ್ಷಿಣ ಜಿಲ್ಲೆಗಳಲ್ಲಿಯೂ ನೇಪಾಳಿ ಮಾತಾಡುವ ರೈತರಿದ್ದರು. ಅಲ್ಲಿ ಅವರನ್ನು ‘ಲ್ಹೊತ್ಸಂಪಾ’ ಎನ್ನುತ್ತಾರೆ, ದಕ್ಷಿಣದವರು ಎಂದರ್ಥ. ಕಾಡು ಕಡಿದು ಸಾಗುವಳಿ ಮಾಡಲು ಬಂದ ಇವರಿಗೆ 1958ರಲ್ಲಿ ಪೌರತ್ವವೂ ದೊರೆತಿತ್ತು. 1985ರಲ್ಲಿ ಪೌರತ್ವ ಕಾನೂನು ಬಿಗಿಯಾಯಿತು. 1988ರ ಜನಗಣತಿಯಲ್ಲಿ 1958ರ ಕಂದಾಯ ರಸೀದಿ ತೋರಿಸಿ ಎಂದು ಅಧಿಕಾರಿಗಳು ಕೇಳಿದರು. ಮೂವತ್ತು ವರ್ಷದ ಹಿಂದಿನ, ಅದೂ ಆ ಒಂದೇ ವರ್ಷದ ಚೀಟಿಯನ್ನು ಎಷ್ಟು ರೈತರು ಜೋಪಾನವಾಗಿ ಇಟ್ಟುಕೊಂಡಿರಲು ಸಾಧ್ಯ? ಎಲ್ಲರೂ ಉತ್ತರದವರ ಉಡುಪು ತೊಡಬೇಕೆಂಬ ಕಟ್ಟಳೆ ಬಂತು, ಶಾಲೆಗಳಿಂದ ನೇಪಾಳಿ ಭಾಷೆ ಹೋಯಿತು. 1990ರಲ್ಲಿ ಪ್ರತಿಭಟನೆಗಳು ನಡೆದವು, ನಂತರ ಬಂಧನ, ಹಿಂಸೆ, ವಲಸೆ.

ಒಂದು ಲಕ್ಷಕ್ಕೂ ಹೆಚ್ಚು ಜನ ಮನೆ, ಹೊಲ, ಅಡಿಕೆ ಮತ್ತು ಕಿತ್ತಳೆ ತೋಟಗಳನ್ನು ಬಿಟ್ಟು ಹೊರಟರು. ಭಾರತದ ನೆಲದಲ್ಲಿ ಅವರಿಗೆ ನಿಲ್ಲಲು ಜಾಗ ಸಿಗಲಿಲ್ಲ. ಲಾರಿಗಳಲ್ಲಿ ಮೇಚಿ ನದಿಯವರೆಗೆ ತಂದು ಬಿಡಲಾಯಿತು. ನೇಪಾಳದ ಝಾಪಾ ಮತ್ತು ಮೊರಾಂಗ್ ಜಿಲ್ಲೆಗಳ ಶಿಬಿರಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ ಒಂದು ತಲೆಮಾರು ಬೆಳೆಯಿತು. ಅಕ್ರಮವಾಗಿ ನುಸುಳಿದವರು ಮತ್ತು ತಾವಾಗಿ ಹೋದವರು ಎಂಬುದು ಭೂತಾನದ ವಾದ. ಎರಡೂ ಸರ್ಕಾರಗಳ ನಡುವೆ ಹಲವು ಸುತ್ತಿನ ಮಾತುಕತೆ ನಡೆದರೂ ಶಿಬಿರಗಳಿಂದ ಒಬ್ಬರನ್ನೂ ಭೂತಾನ ಮರಳಿ ಕರೆಸಿಕೊಳ್ಳಲಿಲ್ಲ. 2007ರ ಕೊನೆಯಿಂದ ಅಮೆರಿಕ ಮತ್ತಿತರ ದೇಶಗಳು 1 ಲಕ್ಷ 13 ಸಾವಿರದಷ್ಟು ಜನರಿಗೆ ನೆಲೆ ಕೊಟ್ಟವು. ಆದರೂ ಕೆಲವು ಸಾವಿರ ಮಂದಿ ಶಿಬಿರಗಳಲ್ಲೇ ಉಳಿದರು. 2025ರಲ್ಲಿ ಅಮೆರಿಕ ಇವರಲ್ಲಿ ಕೆಲವರನ್ನು ಭೂತಾನಕ್ಕೆ ಗಡೀಪಾರು ಮಾಡಿತು. ಭೂತಾನ ಅವರನ್ನು ಭಾರತದ ಗಡಿಗೆ ಕಳಿಸಿತು. ಅಲ್ಲಿಂದ ಕೆಲವರು ಮತ್ತೆ ನೇಪಾಳಕ್ಕೆ ಬಂದು ಸೇರಿದರು.

ಭೂತಾನದ ಶುಚಿಯಾದ ಬೀದಿಗಳು, ಅರ್ಧಕ್ಕಿಂತ ಹೆಚ್ಚು ನೆಲವನ್ನು ಆವರಿಸಿದ ಕಾಡು, ಒಂದೇ ಮಾದರಿಯ ಮನೆಗಳು ಮೆಚ್ಚತಕ್ಕವು. ಇವುಗಳನ್ನು ಉಳಿಸಿಕೊಂಡ ಎಚ್ಚರವೂ ದೊಡ್ಡದು. ಆದರೆ ಬಾಗಿಲು ಕಾಯುವ ಅದೇ ಎಚ್ಚರ ಮನೆಯೊಳಗಿನವರನ್ನೂ ಹೊರಗಿಟ್ಟಿತು. ಧೂಳು, ಟ್ರಾಫಿಕ್ಕು, ಮುಷ್ಕರ, ಪದೇ ಪದೇ ಉರುಳುವ ಸರ್ಕಾರಗಳ ನೇಪಾಳ, ತನ್ನ ಜನರಿಗೇ ಸರಿಯಾಗಿ ಅನ್ನ ಕೊಡಲಾಗದ ಕಾಲದಲ್ಲೂ ಅವರನ್ನು ಒಳಗೆ ಬಿಟ್ಟುಕೊಂಡಿತು. ಪೌರತ್ವವನ್ನು ಅದೂ ಕೊಡಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ.

ಯಾವುದು ಮೊದಲು?

ಇಷ್ಟನ್ನು ತಿಳಿದ ಮೇಲೆ ಮೊದಲ ಪ್ರವಾಸಕ್ಕೆ ನೇಪಾಳವನ್ನೇ ಆರಿಸುವುದು ಮೇಲು. ಖರ್ಚು ಕಡಿಮೆ ಎಂಬುದು ಇದಕ್ಕೆ ಸಣ್ಣ ಕಾರಣ. ಭೂತಾನ ತನ್ನ ಬಾಗಿಲನ್ನು ಹೀಗೆ ಕಿರಿದುಮಾಡಿಕೊಂಡದ್ದೇ ನೇಪಾಳವನ್ನು, ಸಿಕ್ಕಿಂ ಅನ್ನು ನೋಡಿದ ನಂತರ. ಪ್ರವಾಸಿಯೂ ಅದೇ ಕ್ರಮದಲ್ಲಿ ನೋಡಿದರೆ ಥಿಂಪುವಿನ ಮೌನದ ಅರ್ಥ ಹೆಚ್ಚು ತಿಳಿಯುತ್ತದೆ. ಭೂತಾನವನ್ನು ಮೊದಲು ಕಂಡು ಆಮೇಲೆ ಕಠ್ಮಂಡುವಿಗೆ ಹೋದವರಿಗೆ ಗದ್ದಲವೊಂದೇ ಕಂಡೀತು. ಮನೆಯಲ್ಲಿ ವಯಸ್ಸಾದವರಿದ್ದರೆ ಬೇರೆ ಯೋಚನೆಯೇ ಬೇಡ. ತಕ್‌ಸಾಂಗ್‌ಗೆ ಎರಡು ಮೂರು ತಾಸು ಬೆಟ್ಟ ಹತ್ತಬೇಕು, ಪಶುಪತಿಯ ಬಾಗಿಲಿಗೆ ಟ್ಯಾಕ್ಸಿ ಹೋಗುತ್ತದೆ. ಊಟದ ವಿಷಯದಲ್ಲೂ ಹಾಗೆಯೇ. ನೇಪಾಳದ ಅನ್ನ, ಬೇಳೆ, ಪಲ್ಯ ನಮ್ಮ ನಾಲಗೆಗೆ ಒಗ್ಗುತ್ತದೆ. ಭೂತಾನದ ಎಮಾ ದತ್ಸಿಯಲ್ಲಿ ಮೆಣಸಿನಕಾಯಿ ಒಗ್ಗರಣೆಗಲ್ಲ, ಅದೇ ತರಕಾರಿ. ಗುಂಟೂರು ಖಾರಕ್ಕೆ ಅಂಜದವರೂ ಅಲ್ಲಿ ನೀರು ಕೇಳುತ್ತಾರೆ.

ಮಾರ್ಚ್-ಏಪ್ರಿಲ್ ಮತ್ತು ಅಕ್ಟೋಬರ್-ನವೆಂಬರ್ ಎರಡೂ ದೇಶಗಳಿಗೆ ಒಳ್ಳೆಯ ಕಾಲ. ಭೂತಾನದ ನ್ಗುಲ್‌ಟ್ರಮ್ ನಮ್ಮ ರೂಪಾಯಿಗೆ ಸಮ. ನಮ್ಮ ಒಂದು ರೂಪಾಯಿಗೆ ನೇಪಾಳದ 1 ರೂಪಾಯಿ 60 ಪೈಸೆ, 1993ರಿಂದ ಈ ದರ ಬದಲಾಗಿಲ್ಲ. ಆಧಾರ್ ಕಾರ್ಡು ಭೂತಾನ ಪ್ರವೇಶಕ್ಕೆ ಸಾಲದು. ಮಕ್ಕಳಿದ್ದರೆ ಜನನ ಪ್ರಮಾಣಪತ್ರ ಜೊತೆಗಿರಲಿ. ಹತ್ತು ಹನ್ನೆರಡು ದಿನ ಬಿಡುವಿದ್ದವರು ಎರಡನ್ನೂ ನೋಡಬಹುದು: ಕಠ್ಮಂಡುವಿನಿಂದ ಬಸ್ಸಿನಲ್ಲಿ ಪೂರ್ವಕ್ಕೆ ಬಂದು ಕಾಕರ್‌ಭಿಟ್ಟದಲ್ಲಿ ಗಡಿ ದಾಟಿದರೆ, ಸಿಲಿಗುರಿಯ ಮೂಲಕ ಅದೇ ದಿನ ಸಂಜೆಗೆ ಜೈಗಾಂವ್ ತಲುಪಲು ಅಡ್ಡಿಯಿಲ್ಲ. ಆ ಬಸ್ಸು ಕಾಕರ್‌ಭಿಟ್ಟಕ್ಕೆ ಮುಂಚೆ ಝಾಪಾ ಜಿಲ್ಲೆಯ ದಮಕ್ ಪಟ್ಟಣದಲ್ಲಿ ನಿಲ್ಲುತ್ತದೆ. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿರುವುದೇ ಬೆಲ್‌ಡಾಂಗಿ ನಿರಾಶ್ರಿತರ ಶಿಬಿರ.